ಸತ್ತವರು ಮರಳಿ ಬಾರದ ಆಟ

ಚದುರಂಗದಲ್ಲಿ ಸತ್ತ ಪದಾತಿಗಾಗಿ ಯಾರೂ ಮರುಗುವುದಿಲ್ಲ. ಅವನಿಗೆ ಹೆಸರಿಲ್ಲ, ಊರಿಲ್ಲ. ಮತ್ತೊಂದು ಆಟಕ್ಕೆ ಕಾಯಿ ಜೋಡಿಸಿದರೆ ತನ್ನ ಮನೆಯಲ್ಲಿ ಬಂದು ನಿಂತಿರುತ್ತಾನೆ. 1990ರ ಏಪ್ರಿಲ್ 20ರಂದು ಜಪಾನಿನ ಅಂಗಡಿಗಳಿಗೆ ಬಂದ ವಿಡಿಯೊ ಗೇಮ್ ಒಂದು ಆಡುವವರ ಈ ನೆಮ್ಮದಿಗೆ ಕಲ್ಲು ಹಾಕಿತು. ಕ್ಯೋಟೊದ ಇಂಟೆಲಿಜೆಂಟ್ ಸಿಸ್ಟಮ್ಸ್ ತಯಾರಿಸಿ ನಿಂಟೆಂಡೊ ಮಾರಿದ ಆ ಆಟದ ಹೆಸರು ‘ಫೈರ್ ಎಂಬ್ಲಮ್’. ಅಲ್ಲೂ ಚೌಕಗಳದೇ ರಣರಂಗ. ಒಂದು ಸರದಿ ನಿಮ್ಮದು, ಒಂದು ಸರದಿ ಶತ್ರುವಿನದು. ಆದರೆ ನಿಮ್ಮ ಕಡೆ ನಿಂತ ಒಬ್ಬೊಬ್ಬನಿಗೂ ಒಂದು ಮುಖ, ಒಂದು ಹೆಸರು, ಸೇನೆ ಸೇರಲು ಒಂದು ಕಾರಣ. ಮೂರನೆಯ ಅಧ್ಯಾಯದಲ್ಲಿ ನಿಮ್ಮ ಬಿಲ್ಲುಗಾರ ಸತ್ತರೆ ಇಪ್ಪತ್ತನೆಯ ಅಧ್ಯಾಯದಲ್ಲೂ ಅವನಿಲ್ಲ. ಸತ್ತವನು ಸತ್ತ, ಅಷ್ಟೆ.

ಅಲ್ಲಿಂದ 2023ರವರೆಗೆ, ಹಳೆಯದರ ಹೊಸ ಅವತಾರಗಳನ್ನೂ ಸೇರಿಸಿದರೆ, ಈ ಸರಣಿಯಲ್ಲಿ 17 ಮುಖ್ಯ ಆಟಗಳು ಬಂದವು. ಅಷ್ಟರಲ್ಲಿ ಆ ಕಟ್ಟುನಿಟ್ಟಿನ ನಿಯಮ ಒಂದೊಂದೇ ಗಂಟು ಸಡಿಲಗೊಂಡು, ಈಗ ‘ಬೇಕಾದರೆ ಇಟ್ಟುಕೊಳ್ಳಿ’ ಎಂಬಲ್ಲಿಗೆ ಬಂದು ನಿಂತಿದೆ. ಇಂದಿನ ಹುಡುಗರಿಗೆ ಸೋಲು ತಡೆಯುವುದಿಲ್ಲ, ಅವರಿಗಾಗಿ ಆಟ ಮೆತ್ತಗಾಯಿತು ಎಂದು ಹಳಬರು ಗೊಣಗುತ್ತಾರೆ. ನಾನೂ ಹಳಬನೇ, ಆದರೆ ಈ ಗೊಣಗಾಟಕ್ಕೆ ನನ್ನ ಒಪ್ಪಿಗೆಯಿಲ್ಲ. ಆಟ ಮೆತ್ತಗಾದದ್ದು ಆಟದೊಳಗಿನ ಸೈನಿಕರು ಮಾತಾಡಲು ಕಲಿತಿದ್ದರಿಂದ ಎಂಬುದು ನನ್ನ ಎಣಿಕೆ.

ಇದರ ಬೇರು 1988ರ ‘ಫ್ಯಾಮಿಕಾಮ್ ವಾರ್ಸ್’ ಎಂಬ ಆಟದಲ್ಲಿದೆ. ಅದನ್ನು ಮಾಡಿದ್ದೂ ಇಂಟೆಲಿಜೆಂಟ್ ಸಿಸ್ಟಮ್ಸ್ ಸಂಸ್ಥೆಯೇ. ಅಲ್ಲಿ ದುಡ್ಡು ಕೊಟ್ಟು ಟ್ಯಾಂಕು, ಕಾಲಾಳು, ವಿಮಾನ ಕೊಳ್ಳುವುದು. ಒಂದು ಸುಟ್ಟುಹೋದರೆ ಕಾರ್ಖಾನೆಯಿಂದ ಇನ್ನೊಂದು ತರಿಸುವುದು. ವ್ಯವಹಾರ ಚೊಕ್ಕಟ, ಮನಸ್ಸಿಗೆ ಏನೂ ತಾಕುವುದಿಲ್ಲ. ಅದೇ ಸಂಸ್ಥೆಯಲ್ಲಿದ್ದ ಶೋಜೊ ಕಾಗಾ ಎಂಬ ವಿನ್ಯಾಸಕಾರ ಈ ಯುದ್ಧದ ಚೌಕಟ್ಟಿಗೆ ಕಥೆಯ ಆಟಗಳ ಗುಣವನ್ನು ಬೆಸೆದ. ಗೇಮ್ ಬಾಯ್‌ನ ಜನಕನೆಂದು ಹೆಸರಾದ ಗುನ್ಪೇ ಯೊಕೊಯಿ ನಿರ್ಮಾಪಕ. ಸಂಗೀತ ಯೂಕಾ ತ್ಸುಜಿಯೊಕೊ ಎಂಬಾಕೆಯದು. ಆಕೆ ಅಂದು ಕೂಡಿಸಿದ ಮುಖ್ಯ ರಾಗ ಇವತ್ತಿಗೂ ಸರಣಿಯ ಗುರುತು.

ಆಟ ಓಡುತ್ತಿದ್ದದ್ದು ಫ್ಯಾಮಿಕಾಮ್ ಯಂತ್ರದ ಮೇಲೆ. ಆ ಹೆಸರು ನಮ್ಮವರಿಗೆ ಹೊಸದಿರಬಹುದು, ಯಂತ್ರ ಹೊಸದಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ‘ಟಿವಿ ಗೇಮ್’ ಎಂದು ಸಿಗುತ್ತಿದ್ದವೆಲ್ಲ ಬಹುಪಾಲು ಅದರ ನಕಲುಗಳೇ. ಕ್ಯಾಸೆಟ್ ಸಿಕ್ಕಿಸುವ ಮೊದಲು ಅದರ ಬಾಯಿಗೆ ‘ಉಫ್’ ಎಂದು ಊದುತ್ತಿದ್ದ ತಲೆಮಾರು ನನ್ನದು. ಮಾರಿಯೊ, ಕಾಂಟ್ರಾ ಆಡುವಾಗ ನಮ್ಮ ಲೆಕ್ಕ ಒಂದೇ: ಲೈಫ್ ಎಷ್ಟಿದೆ? ಒಂದು ಹೋದರೆ ಇನ್ನೆರಡಿವೆ. ಮೂರೂ ಹೋದರೆ ಪಕ್ಕದ ಮನೆಯವನ ಕೈಗೆ ಕಂಟ್ರೋಲರ್. ಫೈರ್ ಎಂಬ್ಲಮ್ ಮಾತ್ರ ಆ ನೂರೆಂಟು ಆಟಗಳ ಕ್ಯಾಸೆಟ್ಟುಗಳಲ್ಲಿ ನನಗೆ ಎಂದೂ ಕಂಡಿರಲಿಲ್ಲ. ಕಂಡಿದ್ದರೂ ಮಾತೆಲ್ಲ ಜಪಾನಿ ಭಾಷೆಯಲ್ಲಿ. ಆಡಿದ್ದನ್ನು ಉಳಿಸಿಕೊಳ್ಳಲು ಕ್ಯಾಸೆಟ್ಟಿನೊಳಗೆ ಬ್ಯಾಟರಿ ಬೇರೆ ಬೇಕು.

ಮೊದಲ ಆಟದ ಕಥೆ ಸರಳ. ಆಲ್ಟಿಯಾ ರಾಜ್ಯ ಕಳೆದುಕೊಂಡ ರಾಜಕುಮಾರ ಮಾರ್ಥ್ ದೇಶಭ್ರಷ್ಟನಾಗಿ ಬೆಳೆದು, ದಾರಿಯುದ್ದಕ್ಕೂ ಜನ ಕೂಡಿಸುತ್ತ ಹೋಗಿ, ಮೆಡಿಯುಸ್ ಎಂಬ ಡ್ರ್ಯಾಗನ್ನಿನ ಮೇಲೆ ಯುದ್ಧ ಮಾಡುತ್ತಾನೆ. ಜನ ಕೂಡಿಸುವ ಬಗೆಯೇ ಸೊಗಸು. ಶತ್ರುಪಾಳೆಯದಲ್ಲಿರುವ ಕತ್ತಿವರಸೆಗಾರ ನವಾರ್‌ನ ಬಳಿಗೆ ರಾಜಕುಮಾರಿ ಶೀಡಾಳನ್ನು ಆಯುಧ ಎತ್ತದೆ ಕಳಿಸಿ ಮಾತಾಡಿಸಿದರೆ ಅವನು ನಿಮ್ಮ ಕಡೆ ಬರುತ್ತಾನೆ. ಇಡೀ ಆಟದಲ್ಲಿ ಹೀಗೆ ಸೇರುವವರು ಐವತ್ತರ ಆಸುಪಾಸು. ರಣರಂಗಕ್ಕೆ ಒಮ್ಮೆಗೆ ಇಳಿಸಬಹುದಾದವರು ಅವರಲ್ಲಿ ಕೆಲವರು ಮಾತ್ರ. ಉಳಿದವರು ಏಕೆ? ಸತ್ತವರ ಜಾಗ ತುಂಬಲಿಕ್ಕೆ. ಒಬ್ಬ ಕುದುರೆಸವಾರ ಹೋದರೆ ಎರಡು ಅಧ್ಯಾಯ ದಾಟುವಷ್ಟರಲ್ಲಿ ಇನ್ನೊಬ್ಬ ಸಿಗುತ್ತಾನೆ. ಸಾವು ಬರುತ್ತದೆ, ಆಟ ನಿಲ್ಲುವುದಿಲ್ಲ ಎಂಬ ಏರ್ಪಾಡು ಅದು. ಅವರಿಗೆ ಮಾತೂ ಕಡಿಮೆ: ಸೇರುವಾಗ ನಾಲ್ಕು ಸಾಲು, ಸಾಯುವಾಗ ಒಂದು ಸಾಲು. ಆ ಕಾಲದ ಕ್ಯಾಸೆಟ್ಟಿನ ನೆನಪಿನಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತಲೂ ಇರಲಿಲ್ಲ. ಮಾತು ಕಡಿಮೆಯಿದ್ದಷ್ಟೂ ಸಾವು ಹಗುರ.

ಆ ಮೊದಲ ಆಟದಲ್ಲೇ ಒಂದು ಕಳ್ಳದಾರಿಯೂ ಇತ್ತೆನ್ನಿ. ಕೊನೆಕೊನೆಗೆ ಒಂದು ಮಂತ್ರದಂಡ ಸಿಗುತ್ತದೆ. ಮಾರ್ಥ್‌ನ ಅಕ್ಕ ಎಲಿಸ್ ಮಾತ್ರ ಅದನ್ನು ಎತ್ತಬಲ್ಲಳು, ಸತ್ತ ಒಬ್ಬರನ್ನು ಮಾತ್ರ ಬದುಕಿಸಬಹುದು. ಯಾರನ್ನು ಎಂದು ಯೋಚಿಸುತ್ತ ಕೂತವರೆಷ್ಟು ಮಂದಿಯೋ! ಇನ್ನೊಂದು ತಮಾಷೆ: ಕಾಮ್ಯೂ ಎಂಬ ಶತ್ರು ಸೇನಾಪತಿಯನ್ನು ಆಟ ಏನು ಮಾಡಿದರೂ ನಿಮ್ಮ ಕಡೆ ಬರಗೊಡುವುದಿಲ್ಲ, ಒಳ್ಳೆಯವನು, ತನ್ನ ದೇಶಕ್ಕೆ ನಿಷ್ಠನಾಗಿ ಸಾಯಬೇಕು. 1992ರಲ್ಲಿ ಬಂದ ಎರಡನೆಯ ಆಟ ‘ಗೈಡೆನ್’ನಲ್ಲಿ ನೋಡಿದರೆ ಅದೇ ಮನುಷ್ಯ ನೆನಪು ಕಳೆದುಕೊಂಡು ಬೇರೆ ಹೆಸರಿನಲ್ಲಿ ಓಡಾಡಿಕೊಂಡಿದ್ದಾನೆ! ನಿಯಮ ಆಡುವವನಿಗೆ, ಕಥೆ ಬರೆಯುವವನಿಗಲ್ಲ.

1994ರ ಜನವರಿಯಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ಬಂದ ‘ಮೊನ್ಶೊ ನೊ ನಾಜೊ’ ಮೊದಲ ಆಟದ ಕಥೆಯನ್ನು ಹೊಸದಾಗಿ ಹೇಳಿ, ಮುಂದಿನ ಭಾಗವನ್ನೂ ಕೂಡಿಸಿತು. ಅದರ ಬಗ್ಗೆ ಇಷ್ಟು ಸಾಕು. 1996ರ ಮೇ 14ರಂದು ಬಂದ ‘ಸೇಸೆನ್ ನೊ ಕೇಫು’ ಬಳಿ ಮಾತ್ರ ನಿಲ್ಲಲೇಬೇಕು. ಪವಿತ್ರ ಯುದ್ಧದ ವಂಶಾವಳಿ ಎಂದು ಹೆಸರಿನ ಅರ್ಥ. ಕಾಗಾನ ಕೆಲಸದಲ್ಲಿ ಇದೇ ಶಿಖರ ಎನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ.

ಇದರ ಮ್ಯಾಪುಗಳೇ ಒಂದೊಂದು ದೇಶದಷ್ಟು. ಮುನ್ನುಡಿಯೂ ಸೇರಿ 12. ಕತ್ತಿ ಕೊಡಲಿಯನ್ನು ಗೆಲ್ಲುತ್ತದೆ, ಕೊಡಲಿ ಈಟಿಯನ್ನು, ಈಟಿ ಕತ್ತಿಯನ್ನು ಎಂಬ ತ್ರಿಕೋನ ಶುರುವಾದದ್ದು ಇಲ್ಲಿಂದಲೇ. ಆದರೆ ಜನ ನೆನಪಿಟ್ಟಿರುವುದು ಐದನೆಯ ಅಧ್ಯಾಯದ ಕೊನೆಯನ್ನು. ನಾಯಕ ಸಿಗುರ್ಡ್, ದ್ರೋಹಿಯೆಂಬ ಸುಳ್ಳು ಹಣೆಪಟ್ಟಿ ಹೊತ್ತವನು. ಆರು ಮ್ಯಾಪು ಹೋರಾಡಿ ಕಳಂಕ ತೊಳೆದುಕೊಂಡು ರಾಜಧಾನಿಗೆ ಬರುತ್ತಾನೆ. ವಿಜಯೋತ್ಸವದ ಸಿದ್ಧತೆ. ಸ್ವಾಗತಿಸುವ ದೊರೆ ಆರ್ವಿಸ್ ತನ್ನ ಹೆಂಡತಿಯನ್ನು ಪರಿಚಯಿಸುತ್ತಾನೆ. ಆಕೆ ಕಾಣೆಯಾಗಿದ್ದ ಸಿಗುರ್ಡ್‌ನ ಹೆಂಡತಿ ಡೀಡ್ರಾ. ನೆನಪು ಅಳಿಸಿಹೋಗಿ ಗಂಡನ ಗುರುತೇ ಅವಳಿಗಿಲ್ಲ. ಅವಳನ್ನು ಪಕ್ಕಕ್ಕೆ ಕಳಿಸಿ ಆರ್ವಿಸ್ ಕೈಯೆತ್ತಿದರೆ ಆಕಾಶದಿಂದ ಬೆಂಕಿಯುಂಡೆಗಳು. ನೀವು ಇಷ್ಟು ಹೊತ್ತು ಕೂದಲು ಕೊಂಕದಂತೆ ಕಾಪಾಡಿಕೊಂಡು ಬಂದ ಸೇನೆ ಕಣ್ಣೆದುರಿಗೆ ಉರಿದುಹೋಗುತ್ತದೆ. ನಿಮ್ಮ ಸರದಿ ಬರುವುದೇ ಇಲ್ಲ.

ದ್ವಿತೀಯಾರ್ಧದಲ್ಲಿ ಅವರ ಮಕ್ಕಳು ಬರುತ್ತಾರೆ. ಮೊದಲರ್ಧದಲ್ಲಿ ಯಾರನ್ನು ಯಾರ ಪಕ್ಕ ನಿಲ್ಲಿಸಿ ಪ್ರೀತಿ ಬೆಳೆಸಿದ್ದಿರೋ ಅದರ ಮೇಲೆ ಮಕ್ಕಳ ಬಲ, ಕೌಶಲ, ತಂದೆಯಿಂದ ಬರುವ ಆಯುಧ ಎಲ್ಲ ತೀರ್ಮಾನ. ಮದುವೆಯಿಲ್ಲದೆ ಸತ್ತವಳ ಮಕ್ಕಳು ಹುಟ್ಟಲೇ ಇಲ್ಲವಲ್ಲ. ಆ ಜಾಗಕ್ಕೆ ಬೇರೆ ಯಾರೋ ಬಡಪಾಯಿಗಳು ಬಂದು ನಿಲ್ಲುತ್ತಾರೆ. ಹತ್ತು ಗಂಟೆ ಹಿಂದಿನ ಒಂದು ಸಾವು ಹೀಗೆ, ಇಲ್ಲದ ಮಗುವಿನ ರೂಪದಲ್ಲಿ ಎದುರಾಗುತ್ತದೆ. ಸಾವಿನ ನಿಯಮವನ್ನು ಇಷ್ಟು ಆಳಕ್ಕೆ ಇಳಿಸಿದ ಆಟ ಈ ಸರಣಿಯಲ್ಲಿ ಇನ್ನೊಂದಿಲ್ಲ. ಆದರೆ ಇದೇ ಆಟ ಪ್ರತಿ ಸರದಿಯ ಆರಂಭದಲ್ಲೂ ಸೇವ್ ಮಾಡಲು ಬಿಡುತ್ತದೆ. ಯಾರಾದರೂ ಸತ್ತರೆ ಒಂದು ಹೆಜ್ಜೆ ಹಿಂದಕ್ಕೆ ಹೋದರಾಯಿತು. ಒಂದು ಕೈಯಲ್ಲಿ ಬಿಗಿ, ಇನ್ನೊಂದು ಕೈಯಲ್ಲಿ ಸಡಿಲ.

ಮುಂದಿನ ‘ತ್ರಾಕಿಯಾ 776’ 1999ರದು. ಲಾಸನ್ ಅಂಗಡಿಗಳಿಗೆ ಹೋಗಿ ನಿಮ್ಮ ಕ್ಯಾಸೆಟ್ಟಿಗೆ ಆಟ ತುಂಬಿಸಿಕೊಂಡು ಬರುವ ಏರ್ಪಾಡು ಆಗ ಜಪಾನಿನಲ್ಲಿತ್ತು. ಇದು ಮೊದಲು ಮಾರಾಟವಾದದ್ದು ಹಾಗೆ. ಸರಣಿಯಲ್ಲೇ ಅತಿ ಕಠಿಣ ಎಂಬ ಹೆಸರು ಇದಕ್ಕೆ. ದುಡಿಸಿದ ಸೈನಿಕನಿಗೆ ದಣಿವಾಗಿ ಮುಂದಿನ ಯುದ್ಧಕ್ಕೆ ಬರುವುದಿಲ್ಲ. ಏಟು ತಾಗುವ ಸಾಧ್ಯತೆ ಯಾವತ್ತೂ ಶೇ. 99ಕ್ಕಿಂತ ಮೇಲೇರುವುದಿಲ್ಲ, ಶೇ. 1ಕ್ಕಿಂತ ಕೆಳಗಿಳಿಯುವುದಿಲ್ಲ. ಖಾತ್ರಿ ಎಂಬುದೇ ಇಲ್ಲ. ಗಾಯಕ್ಕೆ ಮದ್ದು ಹಾಕುವ ದಂಡ ಕೂಡ ಕೈಕೊಡಬಹುದು.

ಅದೇ ಕಾಗಾನ ಕೊನೆಯ ಫೈರ್ ಎಂಬ್ಲಮ್. ಸಂಸ್ಥೆ ಬಿಟ್ಟು ಹೊರಬಂದು, 2001ರಲ್ಲಿ ಪ್ಲೇಸ್ಟೇಷನ್‌ಗೆ ‘ಟಿಯರ್ ರಿಂಗ್ ಸಾಗಾ’ ಎಂಬ, ನೋಡಿದೊಡನೆ ಮೂಲದ ನೆಂಟತನ ಹೇಳುವ ಆಟ ಮಾಡಿದ. ನಿಂಟೆಂಡೊ ಕೋರ್ಟಿಗೆ ಹೋಯಿತು. 2004ರಲ್ಲಿ ಟೋಕಿಯೊ ಹೈಕೋರ್ಟ್ ಕೃತಿಚೌರ್ಯದ ವಾದವನ್ನು ಒಪ್ಪಲಿಲ್ಲ. ಅನುಚಿತ ಪೈಪೋಟಿಯ ಕಾನೂನಿನಡಿ ಮಾತ್ರ ತಪ್ಪು ಕಂಡು, ಸುಮಾರು 7.6 ಕೋಟಿ ಯೆನ್ ಕೊಡಬೇಕೆಂದು ಪ್ರಕಾಶಕರಿಗೆ ಹೇಳಿತು. ಆಟದ ರೀತಿಗೆ ಯಾರೂ ಒಡೆಯರಲ್ಲ ಎಂಬ ಮಾತು ಹೀಗೆ ಉಳಿದುಕೊಂಡಿತು. ಒಳ್ಳೆಯದೇ ಆಯಿತು.

ಕಾಗಾ ಹೋದ ಮೇಲೆ ಗೇಮ್ ಬಾಯ್ ಅಡ್ವಾನ್ಸ್ ಎಂಬ ಅಂಗೈಯಗಲದ ಯಂತ್ರಕ್ಕೆ ಸರಣಿ ಬಂತು. 2002ರ ಮಾರ್ಚಿನಲ್ಲಿ ‘ಫೂಯಿನ್ ನೊ ತ್ಸುರುಗಿ’, ಅದರ ನಾಯಕ ರಾಯ್. ಈ ಹುಡುಗ ತನ್ನ ಆಟ ಬರುವ ಮೊದಲೇ ಪ್ರಸಿದ್ಧನಾದ: ನಿಂಟೆಂಡೊ ವೀರರೆಲ್ಲ ಕುಸ್ತಿಯಾಡುವ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ಯಲ್ಲಿ 2001ರಲ್ಲೇ ಮಾರ್ಥ್ ಜತೆ ಕಾಣಿಸಿಕೊಂಡಿದ್ದ. ಅಮೆರಿಕದ ಹುಡುಗರು ಜಪಾನಿ ಮಾತಾಡುವ ಈ ಇಬ್ಬರು ಕತ್ತಿವೀರರು ಯಾರಪ್ಪಾ ಎಂದು ಕೇಳತೊಡಗಿದರು. ಅದರ ಫಲವಾಗಿ 2003ರ ನವೆಂಬರ್‌ನಲ್ಲಿ ಏಳನೆಯ ಆಟ, ಇಂಗ್ಲಿಷಿನಲ್ಲಿ ಬರೀ ‘ಫೈರ್ ಎಂಬ್ಲಮ್’ ಎಂಬ ಹೆಸರಿನಿಂದ, ಮೊದಲ ಸಲ ಜಪಾನಿನ ಹೊರಗೆ ಬಂತು. ಹೊಸಬರಿಗೆ ಕೈಹಿಡಿದು ಕಲಿಸಲು ಲಿನ್ ಎಂಬ ಹುಲ್ಲುಗಾವಲಿನ ಹುಡುಗಿಯ ಕಥೆಯನ್ನು ಮುಂದಿಟ್ಟಿದ್ದರು.

ನನ್ನ ಕೈಗೆ ಸಿಕ್ಕಿದ್ದು ಅದೇ. ಅಮೆರಿಕದಲ್ಲಿದ್ದ ಚಿಕ್ಕಪ್ಪನ ಮಗ ರಜೆಗೆ ಬಂದವನು, ಮುಗಿಸಿಯಾಯಿತು ನೀನಿಟ್ಕೊ ಎಂದು ಕೊಟ್ಟುಹೋದ. ನನ್ನದು ಲೆಕ್ಕಪತ್ರ ನೋಡುವ ಉದ್ಯೋಗ. ನನಗೆ ಮೊದಲು ಹಿಡಿಸಿದ್ದು ಇದರ ಅಂಕಿಗಳು. ಎಲ್ಲ ಬಾಯಿಲೆಕ್ಕಕ್ಕೆ ಸಿಗುವಂಥವು. ಸೈನಿಕನ ಬಲ 7, ಕಬ್ಬಿಣದ ಕತ್ತಿಯದು 5, ಕೂಡಿದರೆ 12. ಎದುರಾಳಿ ಕೊಡಲಿಯವನು, ಆಯುಧ ತ್ರಿಕೋನದ ಲಾಭ 1, ಒಟ್ಟು 13. ಅವನ ರಕ್ಷಣೆ 4 ಕಳೆದರೆ ಏಟು 9. ನಿಮ್ಮವನ ವೇಗ ನಾಲ್ಕು ಹೆಚ್ಚಿದ್ದರೆ ಎರಡೇಟು, 18. ದರೋಡೆಕೋರನ ಜೀವ 20. ಉಳಿಯಿತು ನೋಡಿ ಎರಡು! ಆ ಎರಡನ್ನು ಯಾರು ತೆಗೆಯಬೇಕು? ಹತ್ತಿರದಲ್ಲಿರುವವಳು ರೆಕ್ಕೆಕುದುರೆಯ ಫ್ಲೋರಿನಾ. ಅವಳು ಆ ಚೌಕಕ್ಕೆ ಹಾರಿದರೆ ಪೊದೆಯ ಹಿಂದಿನ ಬಿಲ್ಲುಗಾರನ ಬಾಣಕ್ಕೆ ಸಿಗುತ್ತಾಳೆ, ಹಾರುವವರಿಗೆ ಬಾಣವೆಂದರೆ ಯಮ. ಇನ್ನೊಂದು ಚೌಕ ಎಡಕ್ಕೆ ನಿಲ್ಲಿಸಬಹುದೇ? ಒಂದು ಸರದಿಗೆ ಹೀಗೆ ಹತ್ತು ನಿಮಿಷ ಹೋಗುತ್ತದೆ, ಹೋದದ್ದು ತಿಳಿಯುವುದಿಲ್ಲ.

ಲೆಕ್ಕದವನಾಗಿ ಇನ್ನೊಂದನ್ನು ಹೇಳಲೇಬೇಕು. 2002ರ ಆಟದಲ್ಲೂ ಅದರ ಮುಂದಿನ ಹಲವು ಆಟಗಳಲ್ಲೂ ಪರದೆಯ ಮೇಲೆ ಕಾಣುವ ಶೇಕಡಾವಾರು ನಿಜವಲ್ಲ. ಯಂತ್ರ ಸೊನ್ನೆಯಿಂದ 99ರವರೆಗಿನ ಎರಡು ಅಂಕಿಗಳನ್ನು ಎತ್ತಿ ಅವುಗಳ ಸರಾಸರಿಯನ್ನು ಹೋಲಿಸುತ್ತದೆ. ಪರದೆ 90 ಎಂದರೆ ನಿಜದಲ್ಲಿ 98.1, ಪರದೆ 10 ಎಂದರೆ ನಿಜದಲ್ಲಿ 2.1. ಹೆಚ್ಚಿನದು ಇನ್ನೂ ಹೆಚ್ಚು, ಕಡಿಮೆಯದು ಇನ್ನೂ ಕಡಿಮೆ. ಆಡುವವರ ಏಟುಗಳ ಸಾಧ್ಯತೆ ಸಾಮಾನ್ಯವಾಗಿ ಮೇಲಿರುತ್ತದೆ, ಶತ್ರುಗಳದು ಕೆಳಗೆ. ಹಾಗಾಗಿ ಲಾಭವೆಲ್ಲ ನಮಗೆ. ನೂರಕ್ಕೆ ತೊಂಬತ್ತು ಎಂದು ತೋರಿಸಿ ಹತ್ತರಲ್ಲೊಂದು ಏಟು ತಪ್ಪಿದರೆ ಮನುಷ್ಯನಿಗೆ ಅನ್ಯಾಯವೆನಿಸುತ್ತದೆ, ಗಣಿತ ಸರಿಯಿದ್ದರೂ. ಯಾವ ಆಡಿಟರೂ ಇಂಥ ಪುಸ್ತಕಕ್ಕೆ ಸಹಿ ಹಾಕಲಾರ. ಆದರೆ ಸಾವಿನ ನಿಯಮ ಸಡಿಲಗೊಂಡ ಮೊದಲ ಹೆಜ್ಜೆ ಇದೇ ಎಂದು ನನಗನ್ನಿಸುತ್ತದೆ. ಯಾರಿಗೂ ಹೇಳದೆ, ಗೊಣಗುವವರಿಗೂ ಗೊತ್ತಾಗದಂತೆ ಸಡಿಲಿಸಿದ್ದು.

ಅದೇ 2002ರ ಆಟದಲ್ಲಿ ಇನ್ನೊಂದೂ ನಡೆಯಿತು, ದೊಡ್ಡದು. ಇಬ್ಬರು ಸೈನಿಕರು ಹಲವು ಸರದಿ ಅಕ್ಕಪಕ್ಕ ನಿಂತರೆ ಅವರ ನಡುವೆ ಸಂಭಾಷಣೆ ತೆರೆಯುತ್ತದೆ. ಮೂರು ಹಂತ: ಸಿ, ಬಿ, ಎ. ಒಬ್ಬೊಬ್ಬರಿಗೆ ಒಂದು ಆಟದಲ್ಲಿ ಐದೇ ಸಂಭಾಷಣೆ. ನನ್ನ ಕೈಗೆ ಸಿಕ್ಕ ಮುಂದಿನ ಆಟದಲ್ಲಿ ಗಂಡಸರನ್ನು ಕಂಡರೆ ಹೆದರುವ ಫ್ಲೋರಿನಾ, ಸಿಡುಕ ಹೆಕ್ಟರ್, ಓದಿನಲ್ಲಿ ಮುಳುಗಿದ ಮಂತ್ರವಾದಿ, ದುಡ್ಡು ದುಡ್ಡು ಎನ್ನುವ ಬಾಡಿಗೆ ಸೈನಿಕ, ಇವರೆಲ್ಲರಿಗೂ ಯುದ್ಧದ ಆಚೆಗೆ ಒಂದು ಬದುಕು ಬಂತು. ಮಾತು ಕೇಳುವ ಆಸೆಗೆ ಜನ ಯುದ್ಧತಂತ್ರ ಬದಿಗಿಟ್ಟು ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಸರದಿ ಕಳೆಯತೊಡಗಿದರು. 1990ರ ಬಿಲ್ಲುಗಾರ ಸತ್ತರೆ ಬಿಲ್ಲೊಂದು ಕಡಿಮೆಯಾಗುತ್ತಿತ್ತು. ಈಗ ಸತ್ತರೆ ಅರ್ಧಕ್ಕೆ ನಿಂತ ಮಾತೊಂದು ಹಾಗೇ ಉಳಿಯುತ್ತದೆ.

ಪರಿಣಾಮ ಊಹಿಸಬಹುದು. ಜನ ಸಾವನ್ನು ಒಪ್ಪಿಕೊಳ್ಳಲಿಲ್ಲ; ರೀಸೆಟ್ ಒತ್ತಿದರು. ಈ ಯಂತ್ರದ ಆಟಗಳು ಪ್ರತಿ ನಡೆಯನ್ನೂ ತಾವೇ ಬರೆದಿಟ್ಟುಕೊಳ್ಳುವುದರಿಂದ ಹಿಂದಿನ ಸರದಿಗೆ ಹೋಗುವಂತಿಲ್ಲ, ಇಡೀ ಅಧ್ಯಾಯವನ್ನೇ ಮೊದಲಿಂದ ಆಡಬೇಕು. ಅರ್ಧ ಗಂಟೆ, ಒಂದು ಗಂಟೆ. ಆದರೂ ಒತ್ತಿದರು. ನಾನೂ ಒತ್ತಿದ್ದೇನೆ, ಬೇಕಾದಷ್ಟು ಸಲ. ಮಧ್ಯರಾತ್ರಿ ದೀಪ ಆರಿಸಿ ಮಲಗಿದವನು ಎದ್ದು ಮತ್ತೆ ಶುರು ಮಾಡಿದ್ದುಂಟು. ಕಾಗಾ ಹಾಕಿದ ಲೆಕ್ಕ, ಅಂದರೆ ಹೋದವರ ಬದಲಿಗೆ ಬಂದವರನ್ನು ಕಟ್ಟಿಕೊಂಡು ಮುಂದೆ ನಡೆಯುವುದು, ಕಾಗದದ ಮೇಲಷ್ಟೇ ಉಳಿಯಿತು.

‘ಸೇಕ್ರೆಡ್ ಸ್ಟೋನ್ಸ್’, ಗೇಮ್‌ಕ್ಯೂಬ್‌ನ ‘ಪಾತ್ ಆಫ್ ರೇಡಿಯನ್ಸ್’, ವೀ ಯಂತ್ರದ ‘ರೇಡಿಯಂಟ್ ಡಾನ್’ ಇವನ್ನು ದಾಟಿಕೊಂಡು ಹೋಗುತ್ತೇನೆ. ನಡುವಿನದರ ಬಗ್ಗೆ ಒಂದೇ ಮಾತು: 2005ರಲ್ಲಿ ಬಂದ ಅದರ ನಾಯಕ ಐಕ್ ರಾಜಕುಮಾರನಲ್ಲ, ಬಾಡಿಗೆ ಸೈನಿಕರ ಮುಖಂಡನ ಮಗ, ಮೃಗರೂಪ ತಾಳಬಲ್ಲ ಜನರನ್ನು ಕೀಳಾಗಿ ಕಾಣುವ ಸಮಾಜದ ಕಥೆಯನ್ನು ಅಷ್ಟು ನೇರವಾಗಿ ಹೇಳಿದ್ದಕ್ಕೆ ಅದನ್ನು ಆಡಬೇಕು.

2008ರಲ್ಲಿ ಮೊದಲ ಆಟವನ್ನೇ ನಿಂಟೆಂಡೊ ಡಿಎಸ್‌ಗೆ ಹೊಸದಾಗಿ ಮಾಡಿದರು. ಆಗ ವಿನ್ಯಾಸಕಾರರಿಗೆ ಒಂದು ಹಟ ಬಂದಿರಬೇಕು: ಜನ ಸಾವನ್ನು ಒಪ್ಪುತ್ತಿಲ್ಲವೇ, ಒಪ್ಪಿಸೋಣ. ಆರಂಭದ ಅಧ್ಯಾಯದಲ್ಲೇ ರಾಜಕುಮಾರ ತಪ್ಪಿಸಿಕೊಳ್ಳಲು ನಿಮ್ಮ ಕಡೆಯ ಒಬ್ಬನನ್ನು ನೀವೇ ಆರಿಸಿ ಬಲಿಕೊಡಬೇಕು. ಮುಂದೆ ಕೆಲವು ಗುಪ್ತ ಅಧ್ಯಾಯಗಳಿವೆ, ನಿಮ್ಮ ಸೇನೆ ಹದಿನೈದರ ಮಟ್ಟಕ್ಕೆ ಕರಗಿದ್ದರೆ ಮಾತ್ರ ಬಾಗಿಲು ತೆರೆಯುತ್ತವೆ. ಸೋತವರಿಗೆ ಸಮಾಧಾನ ಹೇಳುವ ಉದ್ದೇಶ ಒಳ್ಳೆಯದೇ. ಆಗಿದ್ದೇನು? ಗುಪ್ತ ಅಧ್ಯಾಯ ನೋಡುವ ಆಸೆಗೆ ಜನ ತಮ್ಮ ಸೈನಿಕರನ್ನು ಒಬ್ಬೊಬ್ಬರಾಗಿ ಶತ್ರುವಿನ ಬಾಯಿಗೆ ಹಾಕಿದರು. ಎಲ್ಲರನ್ನೂ ಜೋಪಾನ ಮಾಡಿದವನಿಗೆ ದಂಡ, ಕೈಯಾರೆ ಕೊಲ್ಲಿಸಿದವನಿಗೆ ಬಹುಮಾನ. ಈ ಸರಣಿಯಲ್ಲಿ ಇಷ್ಟು ಕೆಟ್ಟ ಉಪಾಯ ಇನ್ನೊಂದು ನನಗೆ ಕಂಡಿಲ್ಲ.

ಎರಡೇ ವರ್ಷಕ್ಕೆ ಸಂಸ್ಥೆ ಪೂರ್ತಿ ತಿರುಗಿ ನಿಂತಿತು. 2010ರಲ್ಲಿ ಜಪಾನಿನಲ್ಲಿ ಮಾತ್ರ ಬಿಡುಗಡೆಯಾದ ಆಟದಲ್ಲಿ ‘ಕ್ಯಾಶುಯಲ್’ ಎಂಬ ಆಯ್ಕೆ ಬಂತು: ಬಿದ್ದವನು ಆ ಯುದ್ಧದ ಮಟ್ಟಿಗೆ ಹೊರಗೆ, ಮುಂದಿನದಕ್ಕೆ ಹಾಜರು. ಹಳೆಯ ನಿಯಮಕ್ಕೆ ‘ಕ್ಲಾಸಿಕ್’ ಎಂದು ನಾಮಕರಣವಾಯಿತು. ಅಷ್ಟರಲ್ಲಿ ಮಾರಾಟ ಇಳಿದಿತ್ತು. ಮುಂದಿನದು ಎರಡೂವರೆ ಲಕ್ಷ ಪ್ರತಿ ದಾಟದಿದ್ದರೆ ಸರಣಿಯೇ ಬಂದ್ ಎಂದು ನಿಂಟೆಂಡೊದ ಮಾರಾಟ ವಿಭಾಗ ಹೇಳಿತ್ತೆಂದು ನಿರ್ಮಾಪಕ ಹಿತೋಶಿ ಯಾಮಗಾಮಿ ಆಮೇಲೆ ಸಂದರ್ಶನದಲ್ಲಿ ತಿಳಿಸಿದರು. ಕೊನೆಯದೇ ಆಗುವುದಾದರೆ ಏನು ಬೇಕಾದರೂ ಮಾಡಬಹುದಲ್ಲ. ಕಥೆಯನ್ನು ಮಂಗಳ ಗ್ರಹಕ್ಕೆ ಒಯ್ಯೋಣವೇ ಎಂಬ ಚರ್ಚೆಯೂ ನಡೆದಿತ್ತಂತೆ. ಪುಣ್ಯಕ್ಕೆ ಒಯ್ಯಲಿಲ್ಲ. 2012ರ ಏಪ್ರಿಲ್‌ನಲ್ಲಿ 3ಡಿಎಸ್‌ಗೆ ಬಂದ ‘ಅವೇಕನಿಂಗ್’ ಆ ಗಡುವಿನ ಹಲವು ಪಟ್ಟು ಮಾರಾಟವಾಯಿತು.

ಗೆಲ್ಲಿಸಿದ್ದು ಎರಡು ಸಂಗತಿ ಎನ್ನುತ್ತೇನೆ. ಒಂದು ಕ್ಯಾಶುಯಲ್ ಆಯ್ಕೆ. ಇನ್ನೊಂದು ಮಾತು, ಮಾತಿನ ಮಹಾಪೂರ. ಐದರ ಮಿತಿ ಹಾರಿಹೋಯಿತು, ಬಹುತೇಕ ಯಾರೊಂದಿಗೆ ಯಾರಾದರೂ ಹರಟಬಹುದು, ಮದುವೆಯಾಗಬಹುದು, ಭವಿಷ್ಯದಿಂದ ಅವರ ಮಕ್ಕಳು ಬಂದಿಳಿಯುತ್ತಾರೆ. ಇಷ್ಟು ಮಾತಿನ ಮೇಲೆ ಹಳೆಯ ನಿಯಮವನ್ನೊಂದೇ ಹೇರಿದ್ದರೆ ಅರ್ಧ ಜನ ಆಟ ಬಿಟ್ಟು ಏಳುತ್ತಿದ್ದರು. 2015ರ ‘ಫೇಟ್ಸ್’ ಅತಿಗೆ ಹೋಗಿ, ಬಿದ್ದವನು ಮುಂದಿನ ಸರದಿಗೇ ಎದ್ದು ನಿಲ್ಲುವ ‘ಫೀನಿಕ್ಸ್’ ಎಂಬ ಆಯ್ಕೆಯನ್ನೂ ಕೊಟ್ಟಿತು. ಅದು ಆಟವಲ್ಲ, ಬೊಂಬೆಯಾಟ. ಆಮೇಲೆ ಅವರೂ ಕೈಬಿಟ್ಟರು. 2017ರ ‘ಎಕೋಸ್’ ತಂದದ್ದು ಜಾಣ ಉಪಾಯ: ಕಾಲವನ್ನು ಹಿಂದಕ್ಕೆ ತಿರುಗಿಸುವ ಚಕ್ರ, ಒಂದು ಯುದ್ಧಕ್ಕೆ ಎಣಿಸಿದಷ್ಟು ಸಲ. ಇಷ್ಟು ವರ್ಷ ನಾವು ಕದ್ದು ಒತ್ತುತ್ತಿದ್ದ ರೀಸೆಟ್ಟಿಗೆ ಪರವಾನಗಿ ಕೊಟ್ಟು, ಪಡಿತರದ ಹಾಗೆ ಅಳೆದು ಕೈಗಿಟ್ಟರು.

ನನ್ನ ಮಗಳು ಈ ಸರಣಿಗೆ ಬಂದದ್ದು 2019ರ ‘ತ್ರೀ ಹೌಸಸ್’ನಿಂದ. ಕ್ಯಾಶುಯಲ್‌ನಲ್ಲಿ ಆಡುತ್ತಿದ್ದಳು.

“ಯಾಕೆ ಪುಟ್ಟಿ, ಕ್ಲಾಸಿಕ್‌ನಲ್ಲಿ ಆಡಬಾರದಾ?” ಎಂದೆ.

“ಅಪ್ಪಾ, ನಿನ್ನ ಆಟದಲ್ಲಿ ಯಾರಾದ್ರೂ ಸತ್ರೆ ಏನ್ ಮಾಡ್ತೀಯ?”

“ಚಾಪ್ಟರ್ ಮೊದಲಿಂದ ಆಡ್ತೀನಿ.”

“ಹಂಗಾದ್ರೆ ನಿನ್ನ ಆಟದಲ್ಲೂ ಯಾರೂ ಸತ್ತಿಲ್ವಲ್ಲ. ನಂದು ಟೈಮ್ ಉಳೀತು, ಅಷ್ಟೆ.”

ಮರುಮಾತಿಗೆ ಜಾಗವಿರಲಿಲ್ಲ. ಅವಳು ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದ ಮೇಲೆ, ಸಾವು ಈ ಸರಣಿಯಿಂದ ಹೋಗಿಲ್ಲ, ಜಾಗ ಬದಲಿಸಿದೆ ಎಂಬುದೂ ತಿಳಿಯಿತು.

‘ತ್ರೀ ಹೌಸಸ್’ ಮಾಡಲು ಕೋಯೆ ಟೆಕ್ಮೊ ಸಂಸ್ಥೆಯವರು, ಚೀನಾದ ಮೂರು ರಾಜ್ಯಗಳ ಯುದ್ಧಕಥೆಯನ್ನು ಎಷ್ಟೋ ಆಟಗಳಲ್ಲಿ ಹೇಳಿ ಪಳಗಿದವರು, ಕೈಜೋಡಿಸಿದ್ದರು. ಇಲ್ಲಿ ನೀವು ಒಂದು ಮಠದ ಶಾಲೆಯ ಮೇಷ್ಟರು ಅಥವಾ ಮೇಡಮ್ಮು. ಮೂರು ತರಗತಿ, ಮೂರು ದೇಶದ ಮಕ್ಕಳು, ಒಂದನ್ನು ಆರಿಸಿಕೊಳ್ಳಬೇಕು. ಪಾಠ ಹೇಳುವುದು, ಜೊತೆಗೆ ಊಟ, ಚಹಾಕೂಟ, ಕಳೆದುಹೋದ ವಸ್ತು ಹುಡುಕಿ ಕೊಡುವುದು. ಎಲ್ಲ ಸಂಭಾಷಣೆಗೂ ದನಿ ಉಂಟು. ನಡುವೆ ಗ್ರಾಂಡರ್ ಎಂಬ ಬಯಲಿನಲ್ಲಿ ಮೂರೂ ತರಗತಿಗಳ ನಡುವೆ ಪಂದ್ಯ, ಶಾಲೆಯ ವಾರ್ಷಿಕ ಕ್ರೀಡೆಯ ಗದ್ದಲ. ಆಮೇಲೆ ಯುದ್ಧ ಬಂದು ಐದು ವರ್ಷ ಕಳೆಯುತ್ತದೆ. ಮೂರರಲ್ಲಿ ಎರಡು ತರಗತಿಗಳ ಕಥೆಯಲ್ಲಿ ಅದೇ ಬಯಲಿಗೆ ಮತ್ತೆ ಬರುತ್ತೀರಿ, ಈ ಸಲ ಕೊಲ್ಲಲು. ನಡುವಿನ ಗುಡ್ಡದ ಮೇಲೆ ದೊಡ್ಡ ಬಿಲ್ಲುಯಂತ್ರವೊಂದಿದೆ. ಕೋಣೆ ಬಿಟ್ಟು ಹೊರಬರಲು ಹೆದರುತ್ತಿದ್ದ ಬರ್ನಡೆಟಾ ಎಂಬ ಹುಡುಗಿಯನ್ನು ನೀವು ಮೊದಲೇ ನಿಮ್ಮ ತರಗತಿಗೆ ಸೇರಿಸಿಕೊಳ್ಳದೆ ಹೋಗಿದ್ದರೆ, ಆ ಯಂತ್ರದ ಪಕ್ಕ ನಿಂತಿರುವವಳು ಅವಳು. ಆ ಗುಡ್ಡಕ್ಕೆ ಬೆಂಕಿ ಹಚ್ಚಿಸುವುದು ಅವಳ ಕಡೆಯ ದೊರೆಸಾನಿ ಎಡೆಲ್‌ಗಾರ್ಡ್.

ಮಗಳು ಕಂಟ್ರೋಲರ್ ಕೆಳಗಿಟ್ಟು ಸುಮ್ಮನೆ ಕೂತಳು. ಕ್ಯಾಶುಯಲ್ ಆಯ್ಕೆ ಇಲ್ಲಿ ಏನೂ ಮಾಡಲಾರದು, ಕಾಲ ಹಿಂತಿರುಗಿಸಿದರೂ ಹುಡುಗಿ ಗುಡ್ಡದ ಮೇಲೇ ಇರುತ್ತಾಳೆ. ತಪ್ಪಿಸಲು ಹತ್ತಿಪ್ಪತ್ತು ಗಂಟೆ ಹಿಂದೆ ಹೋಗಿ ಅವಳನ್ನು ಮಾತಾಡಿಸಬೇಕಿತ್ತು. 1996ರಲ್ಲಿ ಕಾಗಾ ಹುಟ್ಟದ ಮಕ್ಕಳಲ್ಲಿ ತೋರಿಸಿದ್ದನ್ನು ಇವರು ಮಾತಾಡಿಸದ ಮಕ್ಕಳಲ್ಲಿ ತೋರಿಸಿದರು. ಆಟ 40 ಲಕ್ಷ ಪ್ರತಿಗೂ ಮಿಕ್ಕಿ ಮಾರಾಟವಾಯಿತು; ಸರಣಿಯಲ್ಲಿ ಅಷ್ಟು ಮಾರಾಟ ಅದಕ್ಕೂ ಮುಂಚೆ ಯಾವುದೂ ಕಂಡಿರಲಿಲ್ಲ.

ಅದರಾಚೆಗಿನದನ್ನು ಬೇಗ ಮುಗಿಸುತ್ತೇನೆ. 2017ರಿಂದ ಮೊಬೈಲಿನಲ್ಲಿ ನಡೆಯುತ್ತಿರುವ ‘ಹೀರೋಸ್’ ದುಡ್ಡಿನ ಲೆಕ್ಕದಲ್ಲಿ ಅಣ್ಣ. ಅಲ್ಲಿ ಲಾಟರಿ ಎತ್ತಿದಂತೆ ವೀರರನ್ನು ಎತ್ತಬೇಕು. ಒಬ್ಬನೇ ಮಾರ್ಥ್ ನಾನಾ ವೇಷದಲ್ಲಿ ಬರುತ್ತಾನೆ, ಒಂದೇ ವೀರನ ಎರಡು ಪ್ರತಿ ಸಿಕ್ಕಿದರೆ ಕರಗಿಸಿ ಒಂದು ಮಾಡಬಹುದು. ಹೆಸರಿದ್ದವರು ಮತ್ತೆ ಕಾಯಿಗಳಾದ ಆಟ ಅದು, ನನಗೆ ಬೇಡ. 2023ರ ಜನವರಿಯ ‘ಎಂಗೇಜ್’ ಹಳೆಯ ನಾಯಕರನ್ನೆಲ್ಲ ಉಂಗುರಗಳಿಂದ ಎಬ್ಬಿಸಿ ಕರೆತಂದಿತು. ಯುದ್ಧಗಳು ಬಹಳ ಚೆನ್ನಾಗಿವೆ, ಕಥೆ ತೆಳು.

ಹೊಸದಾಗಿ ಶುರು ಮಾಡುವವರಿಗೆ ನನ್ನದೊಂದು ಕೋರಿಕೆ. ನಿಂಟೆಂಡೊದ ಸ್ವಿಚ್ ಯಂತ್ರ ನಮ್ಮಲ್ಲಿ ಹೆಚ್ಚಾಗಿ ಆಮದು ಮಾಡುವವರ ಬಳಿ ಸಿಗುತ್ತದೆ; ಲಿನ್ ಕಥೆಯ 2003ರ ಆಟ 2023ರಿಂದ ಅದರ ಆನ್‌ಲೈನ್ ಚಂದಾದೊಳಗೇ ಇದೆ. ಅದನ್ನೇ ತೆಗೆದುಕೊಳ್ಳಿ, ಅಥವಾ ‘ತ್ರೀ ಹೌಸಸ್’ ಅನ್ನು ಕ್ಲಾಸಿಕ್‌ನಲ್ಲಿ ಹಿಡಿಯಿರಿ. ಮೊದಲ ಸೈನಿಕ ಬಿದ್ದಾಗ ರೀಸೆಟ್ ಒತ್ತದೆ ಆ ಅಧ್ಯಾಯವನ್ನು ಕೊನೆಯವರೆಗೆ ಆಡಿ ನೋಡಿ. ಆಮೇಲೆ ನಿಮ್ಮಿಷ್ಟ.